ದರ್ಜಿಯ ಸರದಿ

ದರ್ಜಿ ತೀರಿಕೊಂಡ ಸುದ್ದಿ ಬಂದಾಗ ರಟ್ಟಣ್ಣನಿಗೆ ಮೊದಲು ಹೊಳೆದದ್ದು, ಹಾಗಾದರೆ ಇವತ್ತು ಆಸ್ಪತ್ರೆಯಲ್ಲಿ ನನ್ನ ಸರದಿ ಅರ್ಧ ಗಂಟೆ ಮುಂಚೆಯೇ ಬರುತ್ತದೆ ಎಂಬುದು. ಎರಡನೆಯದಾಗಿ ಹೊಳೆದದ್ದು, ದೇವರೇ, ನಾನು ಎಂಥ ಮನುಷ್ಯ ಎಂಬುದು. ಇವೆರಡರ ನಡುವೆ ಒಂದು ಸೀನು ಬಂತು. ಫೋನಿನ ಆಚೆ ತುದಿಯಲ್ಲಿ ದರ್ಜಿಯ ಮಗಳು, “ಬೆಳಗಿನ ಜಾವ ಎದೆ ಹಿಡ್ಕೊಂಡ್ರು ದೊಡ್ಡಪ್ಪ, ನೀರು ಅಂದ್ರು, ತರೋದ್ರೊಳಗೆ...” ಎಂದು ಬಿಕ್ಕುತ್ತಿದ್ದಳು. ಇಂಥ ಹೊತ್ತಿನಲ್ಲಿ ಹಿರಿಯನಾದವನು ಹೇಳಬೇಕಾದ ಒಂದು ಮಾತನ್ನು ಅವನು ಗಂಟಲವರೆಗೆ ತಂದುಕೊಂಡಿದ್ದ. ಅದು ಹೊರಬರುವ ಮೊದಲೇ ಮೂಗು ಮುಂದೆ ಬಂದು ಎರಡನೆಯ ಸೀನು, ಮೂರನೆಯ ಸೀನು, ಆಮೇಲೆ ಲೆಕ್ಕವಿಲ್ಲ. ಫೋನಿನಲ್ಲಿ ಅದು ಹೇಗೆ ಕೇಳಿಸಿತೋ, ಆ ಹುಡುಗಿ ತನ್ನ ಅಳುವನ್ನು ನಿಲ್ಲಿಸಿ, “ಅಳಬೇಡಿ ದೊಡ್ಡಪ್ಪ. ನೀವೇ ಹೀಗೆ ಅತ್ತರೆ ನಮ್ಮ ಗತಿ ಏನು?” ಎಂದಳು. ಇಲ್ಲ ಮಗಳೇ, ಇದು ಅಳುವಲ್ಲ, ಎಂದು ಅವನು ಹೇಳಬಹುದಾಗಿತ್ತು. ಹೇಳಲಿಲ್ಲ. ತಂದೆಯನ್ನು ಕಳೆದುಕೊಂಡ ಮಗುವಿನಿಂದ ಸಮಾಧಾನ ಹೇಳಿಸಿಕೊಂಡು, ಮೂಗೊರೆಸಿಕೊಂಡು, ಫೋನನ್ನು ಕೆಳಗಿಟ್ಟ.

ಅವನ ನಿಜವಾದ ಹೆಸರು ರಟ್ಟಣ್ಣ ಅಲ್ಲ. ಪುಸ್ತಕಗಳಿಗೆ ರಟ್ಟು ಕಟ್ಟಿಯೇ ತಲೆ ನರೆಸಿಕೊಂಡ ಅವನಿಗೆ ಆ ಹೆಸರನ್ನು ಇಟ್ಟವನು ದರ್ಜಿ. ಸರಕಾರಿ ಆಸ್ಪತ್ರೆಯ ಅಲರ್ಜಿ ವಿಭಾಗದ ಮುಂದಿನ ಉದ್ದನೆಯ ಬೆಂಚಿನ ಮೇಲೆ, ಇಬ್ಬರಿಗೂ ಮೂಗು ಸುರಿಯುತ್ತಿದ್ದ ಒಂದು ದಿನ, ಅವನು ಇಟ್ಟ ಹೆಸರು ಅದು. “ನೀವು ಹಳೇ ಕಾಗದದ ಧೂಳು ಕುಡಿದು ಕೆಟ್ಟಿರಿ, ನಾನು ಬಟ್ಟೆಯ ಜುಂಗು ಕುಡಿದು ಕೆಟ್ಟೆ. ನಮ್ಮಿಬ್ಬರನ್ನೂ ಸೇರಿಸಿ ಹೊಲಿದರೆ ಒಂದು ಒಳ್ಳೇ ತಲೆದಿಂಬು ಆಗುತ್ತೆ,” ಎಂದಿದ್ದ ಅವನು, ಮುಖವನ್ನು ಗಂಭೀರವಾಗಿಯೇ ಇಟ್ಟುಕೊಂಡು. ಆಮೇಲೆ ಏಳೆಂಟು ವರ್ಷ ಅದೇ ಬೆಂಚು. ಇಬ್ಬರಿಗೂ ಯಾವುದು ಆಗುವುದಿಲ್ಲ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕಾಗದವೋ ಗೋಂದೋ, ಬಟ್ಟೆಯೋ ಬಣ್ಣವೋ, ಹೂವೋ ಬೆಕ್ಕೋ. ಗೊತ್ತಾಗಬೇಕಾದರೆ ಕೈಯ ಮೇಲೆ ಚುಕ್ಕೆ ಚುಕ್ಕೆಯಾಗಿ ಔಷಧಿಯ ಹನಿ ಇಟ್ಟು, ಸೂಜಿಯ ಮೊನೆ ತಾಗಿಸಿ, ಯಾವ ಹನಿಯ ಕೆಳಗೆ ಚರ್ಮ ಸೊಳ್ಳೆ ಕಚ್ಚಿದಂತೆ ಊದುತ್ತದೆ ಎಂದು ನೋಡಬೇಕು. ಆ ಪರೀಕ್ಷೆಗೆ ಹೆಸರು ಬರೆಸಿ ಇಬ್ಬರೂ ಹತ್ತು ತಿಂಗಳು ಕಾದಿದ್ದರು. ಒಟ್ಟಿಗೇ ಬರೆಸಿದ್ದರಿಂದ ಒಂದೇ ದಿನ ಸಿಕ್ಕಿತ್ತು, ಮೊದಲು ದರ್ಜಿ, ಅವನ ಹಿಂದೆ ರಟ್ಟಣ್ಣ. ಪರೀಕ್ಷೆಗೆ ಮುಂಚೆ ಒಂದು ವಾರ ಅಲರ್ಜಿ ಮಾತ್ರೆಯನ್ನು ಮುಟ್ಟಕೂಡದು, ಮುಟ್ಟಿದರೆ ಚರ್ಮ ಮಂಕಾಗಿ ನಿಜ ಹೇಳುವುದಿಲ್ಲ ಎಂದು ಅಲ್ಲಿಯ ಸಿಸ್ಟರ್ ಗದರಿಸಿ ಹೇಳಿದ್ದಳು. ಆ ಒಂದು ವಾರ ರಟ್ಟಣ್ಣ ಮನೆಯಲ್ಲಿ ಮನುಷ್ಯನಾಗಿ ಇರಲಿಲ್ಲ. ಕಣ್ಣು ಊದಿ ಈರುಳ್ಳಿಯಾಗಿತ್ತು. ಮೂಗು ತೊಟ್ಟಿಕ್ಕುವ ನಲ್ಲಿಯಾಗಿತ್ತು.

“ಯಾರ ಫೋನು?” ಎಂದು ಹೆಂಡತಿ ಒಳಗಿನಿಂದ ಕೇಳಿದಳು. ಹೇಳಿದ. ಅವಳು ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು. ದರ್ಜಿ ಅವಳ ಕುಪ್ಪಸಗಳನ್ನೆಲ್ಲ ಹೊಲಿದವನು, ಅವಳು ದಪ್ಪವಾದ ವರ್ಷ ಕೇಳದೆಯೇ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟು, ‘ಬಟ್ಟೆ ಒಗೆದರೆ ಕುಗ್ಗುತ್ತೆ ಅಕ್ಕಾ’ ಎಂದು ಮರ್ಯಾದೆ ಉಳಿಸಿದವನು. “ಪುಣ್ಯಾತ್ಮ,” ಎಂದು ಕಣ್ಣೊರೆಸಿಕೊಂಡಳು. ಆಮೇಲೆ ಗಂಡನ ಮುಖ ನೋಡಿ, “ರೀ, ನೀವು ಅಳ್ತಿರೋದಾ, ಸುರೀತಿರೋದಾ?” ಎಂದು ಕೇಳಿದಳು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಒಂದು ವಾರದಿಂದ ಪಕ್ಕದಲ್ಲಿ ಮಲಗಿದವಳಿಗೆ ತಿಳಿದುಕೊಳ್ಳುವ ಹಕ್ಕು ಇತ್ತು. “ಗೊತ್ತಿಲ್ಲ,” ಎಂದ ಅವನು. ಅದು ಆ ದಿನ ಅವನು ಆಡಿದ ಮೊದಲ ಸತ್ಯ. “ಮೊದಲು ಅಲ್ಲಿಗೆ ಹೋಗಿ ಮುಖ ತೋರಿಸಿ. ಅಲ್ಲಿಂದ ಹಾಗೇ ಆಸ್ಪತ್ರೆಗೆ ಹೋಗಿ. ನಾನು ಮಧ್ಯಾಹ್ನ ಬರ್ತೀನಿ. ಏನೇ ಆಗಲಿ ಮಾತ್ರೆ ಮಾತ್ರ ನುಂಗಬೇಡಿ. ಇನ್ನೂ ಹತ್ತು ತಿಂಗಳು ಈ ಪೀಪಿ ಕೇಳೋ ಶಕ್ತಿ ನನಗಿಲ್ಲ,” ಎಂದು ಅವಳು ಶುಭ್ರವಾದ ಮೂರು ಕರವಸ್ತ್ರಗಳನ್ನು ಅವನ ಜೇಬಿಗೆ ತುರುಕಿದಳು.

ದರ್ಜಿಯ ಮನೆ ಅಂಗಡಿಯ ಹಿಂದೆಯೇ ಇತ್ತು. ಅಂಗಡಿಯ ಬಾಗಿಲು ಅರ್ಧ ಮುಚ್ಚಿತ್ತು; ಹೊಲಿಗೆ ಯಂತ್ರದ ಮೇಲೆ ಒಂದು ತೋಳಿನ ಅಂಗಿ ಹಾಗೆಯೇ ಕೂತಿತ್ತು. ಇನ್ನೊಂದು ತೋಳನ್ನು ಇವತ್ತು ಹೊಲಿಯುವವನಿದ್ದನೋ ಏನೋ. ಒಳಗೆ ಹೋದರೆ, ದೇವರೇ, ಹೂವು. ಜೀವಮಾನವಿಡೀ ಹೂವಿನ ಅಂಗಡಿ ಕಂಡರೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಿದ್ದ ಮನುಷ್ಯನನ್ನು ನೆರೆಹೊರೆಯವರೆಲ್ಲ ಸೇರಿ ಪ್ರೀತಿಯಿಂದ ಕುತ್ತಿಗೆಯವರೆಗೆ ಹೂವಿನಲ್ಲಿ ಹೂತಿದ್ದರು. ಬಿಳಿಯದು, ಹಳದಿಯದು, ಪುಡಿ ಉದುರುವ ಕೇಸರಗಳನ್ನು ಮುಖದ ಹತ್ತಿರವೇ ಚಾಚಿ ನಿಂತದ್ದು. ಯಾರೋ ಸುವಾಸನೆಯ ನೀರನ್ನು ಬೇರೆ ಚಿಮುಕಿಸಿದ್ದರು. ರಟ್ಟಣ್ಣ ಕಾಲುಗಳ ಬಳಿ ನಿಂತು ಆ ಮೂಗನ್ನೇ ನೋಡಿದ. ಅವನಿಗೆ ತಿಳಿಯದೆಯೇ ಅವನು ಕಾಯುತ್ತಿದ್ದ. ಇಷ್ಟು ಹೂವಿಗೆ ದರ್ಜಿ ಈಗ ಸೀನುತ್ತಾನೆ, ಎದ್ದು ಕೂತು, ‘ಯಾರಯ್ಯಾ ಇದನ್ನೆಲ್ಲ ತಂದವರು, ನನ್ನನ್ನು ಕೊಲ್ಲಬೇಕೂಂತ ಮಾಡಿದ್ದೀರಾ?’ ಎನ್ನುತ್ತಾನೆ ಎಂದು. ದರ್ಜಿ ಸೀನಲಿಲ್ಲ. ಆ ಮೂಗು ಶಾಂತವಾಗಿ, ಒಣಗಿಕೊಂಡು, ಯಾವ ತಕರಾರೂ ಇಲ್ಲದೆ ಇತ್ತು. ಆಗಲೇ ರಟ್ಟಣ್ಣನಿಗೆ ಅವನು ಹೋದನೆಂದು ನಂಬಿಕೆ ಬಂದದ್ದು. ಎದೆಯೊಳಗೆ ಏನೋ ಕಳಚಿ ಬಿದ್ದಂತಾಯಿತು. ಅದೇನೆಂದು ಕೈಹಾಕಿ ನೋಡುವಷ್ಟರಲ್ಲಿ ಹೂವು ತನ್ನ ಕೆಲಸ ಮಾಡಿತು.

ಮೊದಲು ಅಂಗುಳು ತುರಿಸಿತು, ಆಮೇಲೆ ಕಿವಿಯ ಒಳಗೆ, ಆಮೇಲೆ ಕಣ್ಣುಗಳಿಂದ ಧಾರೆ. ಅವನು ಮುಖ ಮುಚ್ಚಿಕೊಂಡು ಬಾಗಿದ, ಭುಜಗಳು ಕುಲುಕಾಡಿದವು. ಸುತ್ತ ಇದ್ದವರು ಸರಿದು ದಾರಿ ಬಿಟ್ಟರು. ಒಬ್ಬರು ಕುರ್ಚಿ ತಂದರು, ಒಬ್ಬರು ನೀರು ತಂದರು. ದರ್ಜಿಯ ಭಾವಮೈದುನ, ಅಲ್ಲಿಯವರೆಗೆ ಗೋಡೆಗೆ ಒರಗಿ ಗಟ್ಟಿಯಾಗಿ ಶೋಕಿಸುತ್ತಿದ್ದವನು, ಇವನನ್ನು ನೋಡಿ ತಾನು ಸೋತೆನೆಂಬಂತೆ ಸುಮ್ಮನಾದ. “ಆಸ್ಪತ್ರೆ ಸ್ನೇಹಿತರಂತೆ. ಒಡಹುಟ್ಟಿದವರೂ ಹೀಗೆ ಅಳೋದಿಲ್ಲ,” ಎಂದು ಒಬ್ಬಾಕೆ ಇನ್ನೊಬ್ಬಾಕೆಗೆ ಹೇಳಿದ್ದು ಕೇಳಿಸಿತು. ದರ್ಜಿಯ ಮಗಳು ಹತ್ತಿರ ಬಂದು ಅವನ ಬೆನ್ನು ಸವರಿದಳು. ಆ ಸಣ್ಣ ಅಂಗೈ ಬೆನ್ನ ಮೇಲೆ ಮೇಲಕ್ಕೂ ಕೆಳಕ್ಕೂ ಹೋಗುತ್ತಿರುವಾಗ ಅವನಿಗೆ, ಅಂಗಡಿಯಲ್ಲಿ ಬೇರೆಯವರಿಗೆ ಬಂದ ಸಾಮಾನನ್ನು ತನ್ನದೆಂದು ಸಹಿ ಹಾಕಿ ತೆಗೆದುಕೊಂಡವನಂತೆ ನಾಚಿಕೆಯಾಯಿತು. ತಾಯಿ ಸತ್ತಾಗ ಇದರ ತಿರುಗುಮುರುಗು ಆಗಿತ್ತು. ಆಗ ಅವನಿಗೆ ಮಾತ್ರೆಯ ದೆಸೆಯಿಂದ ಒಂದು ಹನಿಯೂ ಬಂದಿರಲಿಲ್ಲ, ಅಕ್ಕ ಮೂರು ತಿಂಗಳು ಅವನೊಂದಿಗೆ ಮಾತು ಬಿಟ್ಟಿದ್ದಳು. ಅಳಬೇಕಾದಲ್ಲಿ ಅಳು ಬರದು, ಅಳು ಕಾಣಿಸಿದಲ್ಲಿ ಅದು ಅಳುವಾಗಿರದು. ಈ ಕಣ್ಣುಗಳ ಮೇಲೆ ತನಗೆ ಯಜಮಾನಿಕೆ ಇಲ್ಲ. ದರ್ಜಿಗೆ ಮಾತ್ರ ಇದು ತಿಳಿದಿತ್ತು. “ನಮ್ಮ ಕಣ್ಣೀರಿಗೆ ಸಾಕ್ಷಿ ಹೇಳೋ ಯೋಗ್ಯತೆ ಇಲ್ಲ ರಟ್ಟಣ್ಣ, ಕೋರ್ಟಿನಲ್ಲಿ ನಿಲ್ಲೋದಿಲ್ಲ,” ಎನ್ನುತ್ತಿದ್ದ. ಈಗ ಅವನ ಮುಂದೆಯೇ ನಾನು ಸುಳ್ಳುಸಾಕ್ಷಿ ಹೇಳುತ್ತಿದ್ದೇನೆ.

ಕೈ ತೊಳೆಯುವ ನೆಪದಿಂದ ಎದ್ದು ಹಿತ್ತಲಿನ ನಲ್ಲಿಯ ಬಳಿ ಹೋದ. ಈ ಮೋಸವನ್ನು ನಿಲ್ಲಿಸಬೇಕು, ಬೇರೆ ಯಾವ ಯೋಚನೆಯೂ ಅವನ ತಲೆಯಲ್ಲಿರಲಿಲ್ಲ. ಜೇಬಿನ ತಳದಲ್ಲಿ, ಹೆಂಡತಿಯ ಮೂರನೆಯ ಕರವಸ್ತ್ರದ ಕೆಳಗೆ, ಆಪತ್ತಿಗೆಂದು ವರ್ಷಗಟ್ಟಲೆ ಇಟ್ಟುಕೊಂಡು ತಿರುಗುವ ಒಂದು ಮಾತ್ರೆ ಬೆರಳಿಗೆ ಸಿಕ್ಕಿತು. ಬಾಯಿಗೆ ಹಾಕಿಕೊಂಡ. ಬೊಗಸೆಯಲ್ಲಿ ನೀರು ಹಿಡಿದು ನುಂಗಿದ. ನುಂಗಿ, ಮುಖ ತೊಳೆದು, ಸಮಾಧಾನದಿಂದ ನೆಟ್ಟಗೆ ನಿಂತಾಗ, ಎದುರಿನ ಗೋಡೆಯ ಮೇಲೆ ಒಣಗಲು ಹಾಕಿದ್ದ ದರ್ಜಿಯ ಕರವಸ್ತ್ರಗಳನ್ನು ಕಂಡು, ಇವತ್ತು ಪರೀಕ್ಷೆ ಎಂಬುದು ನೆನಪಾಯಿತು. ಹತ್ತು ತಿಂಗಳು ಗಂಟಲಿನಿಂದ ಇಳಿದು ಹೋಗಿತ್ತು. ಬೆರಳು ಹಾಕಿ ಕಕ್ಕೋಣವೆಂದು ಒಂದು ಕ್ಷಣ ಅನ್ನಿಸಿತು. ಸಾವಿನ ಮನೆಯ ಹಿತ್ತಲಲ್ಲಿ ನಿಂತು ಕಕ್ಕಿದರೆ ಅದನ್ನೂ ದುಃಖದ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ ಎನಿಸಿ ಬಿಟ್ಟ. ದರ್ಜಿ ಇದನ್ನು ಕೇಳಿದ್ದರೆ ಬೆಂಚಿನಿಂದ ಜಾರುವಷ್ಟು ನಗುತ್ತಿದ್ದ. ಅವನಿಗೆ ಹೇಳಬೇಕು ಎಂದುಕೊಂಡು ರಟ್ಟಣ್ಣ ಒಳಗಡೆಗೆ ಎರಡು ಹೆಜ್ಜೆ ಇಟ್ಟೂಬಿಟ್ಟ.

ಹೊರಡುವಾಗ ದರ್ಜಿಯ ಮಗಳು ಬಾಗಿಲವರೆಗೆ ಬಂದಳು. “ದೊಡ್ಡಪ್ಪ, ಅಪ್ಪಂದೂ ಇವತ್ತೇ ಅಲ್ವಾ ಪರೀಕ್ಷೆ. ಅವರು ಬರೋದಿಲ್ಲ ಅಂತ ಹೇಳಿಬಿಡಿ. ಆ ಜಾಗ ಯಾರಿಗಾದ್ರೂ ಸಿಗಲಿ. ಅಪ್ಪ ಒಂದು ಬೆರಳಗಲ ಬಟ್ಟೇನೂ ದಂಡ ಮಾಡಿದವರಲ್ಲ.” ಅವನು ಆಗಲಿ ಎಂದ. ಬೆಳಿಗ್ಗೆ ತನ್ನ ಮನಸ್ಸು ಅದೇ ಜಾಗದ ಮೇಲೆ ಹೇಗೆ ಹಾರಿ ಕುಳಿತಿತ್ತು ಎಂಬುದು ಈ ಮಗುವಿಗೆ ಗೊತ್ತಾದರೆ ಎಂದು ಭಯವಾಯಿತು. ರಸ್ತೆಯುದ್ದಕ್ಕೂ ಆ ಭಯ ಅವನ ಜೊತೆಯಲ್ಲೇ ನಡೆದು ಬಂತು.

ಅಲರ್ಜಿ ವಿಭಾಗ ಆಸ್ಪತ್ರೆಯ ಹಳೆಯ ಕಟ್ಟಡದ ಕೊನೆಯಲ್ಲಿತ್ತು. ಅಲ್ಲಿಗೆ ಹೋಗಬೇಕಾದರೆ ಹಾಸಿಗೆಯ ದಾಸ್ತಾನು ಕೋಣೆಯನ್ನೂ, ಫಿನಾಯಿಲು ಇಡುವ ಗೂಡನ್ನೂ, ಯಾರೋ ಮಹನೀಯರು ಅಂದಕ್ಕೆಂದು ದಾನ ಮಾಡಿದ ಹೂಕುಂಡಗಳ ಸಾಲನ್ನೂ ದಾಟಬೇಕು. ‘ಚೆನ್ನಾಗಿದ್ದವನೂ ಇಲ್ಲಿಗೆ ಬರೋದ್ರೊಳಗೆ ರೋಗಿಯಾಗಲಿ, ಡಾಕ್ಟರಿಗೆ ನಿರಾಶೆ ಆಗಬಾರದು ಅಂತ ಏರ್ಪಾಡು ಮಾಡಿದ್ದಾರೆ’ ಎಂದು ದರ್ಜಿ ಹೇಳುತ್ತಿದ್ದ. ಆ ಹೂಕುಂಡಗಳನ್ನು ಬೇರೆ ಕಡೆ ಸರಿಸಿ ಎಂದು ಅವನು ಎರಡು ವರ್ಷ ಅರ್ಜಿ ಕೊಟ್ಟು, ಕೊನೆಗೆ ಒಂದು ಕುಂಡವನ್ನು ಒಂದು ಗೇಣು ಸರಿಸುವಲ್ಲಿ ಯಶಸ್ವಿಯಾಗಿದ್ದ. ಬೆಂಚು ತುಂಬಿತ್ತು. ಇವತ್ತು ಹೆಸರಿದ್ದವರು ಕೆಲವರು. ಹೆಸರಿಲ್ಲದೆ ಸುಮ್ಮನೆ ಆಸೆಯಿಂದ ಬಂದವರು ಕೆಲವರು. ಅಂಥವರಲ್ಲಿ ಬೇಕರಿಯಾಕೆಯೂ ಒಬ್ಬಳು. ಒಲೆಯ ಮುಂದೆ ನಿಂತು ಬ್ರೆಡ್ಡು ಸುಡುವವಳು, ಮುಂಗೈ ತುಂಬ ಸಣ್ಣ ಸಣ್ಣ ಸುಟ್ಟ ಗುರುತು. ಹಿಟ್ಟಿನ ಮೂಟೆ ಬಿಚ್ಚಿದರೆ ಅವಳಿಗೆ ಉಸಿರು ಕಟ್ಟುತ್ತಿತ್ತು. ಹಿಟ್ಟೇ ಕಾರಣವೆಂದರೆ ಒಲೆ ಬಿಡಬೇಕು, ಅಲ್ಲವೆಂದರೆ ಇರಬಹುದು. ಯಾವುದೆಂದು ಈ ತಿಂಗಳೊಳಗೆ ಡಾಕ್ಟರಿಂದ ಬರೆಸಿಕೊಂಡು ಬಾ ಎಂದು ಬೇಕರಿಯ ಯಜಮಾನ ಹೇಳಿದ್ದ. ಅವಳ ಹೆಸರಿಗೆ ಪರೀಕ್ಷೆಯ ದಿನ ಸಿಕ್ಕಿದ್ದು ಮುಂದಿನ ವರ್ಷ. ಆದ್ದರಿಂದ ಪ್ರತಿ ವಾರವೂ ಮಾತ್ರೆ ಬಿಟ್ಟು, ಮುಖ ಊದಿಸಿಕೊಂಡು, ಯಾರಾದರೂ ಬಾರದೆ ಇದ್ದಾರೆಯೇ ಎಂದು ಬಂದು ಕೂರುತ್ತಿದ್ದಳು. ಪ್ರತಿ ವಾರವೂ ಯಾರಾದರೊಬ್ಬರು ಬಾರದೇ ಇರುತ್ತಿದ್ದರು. ಪ್ರತಿ ವಾರವೂ ಅವಳು ಹಾಗೆಯೇ ಹಿಂದಿರುಗುತ್ತಿದ್ದಳು.

“ಅಣ್ಣಾ, ನಿಮ್ಮ ಜೋಡಿ ಎಲ್ಲಿ?” ಎಂದು ಅವಳು ಕೇಳಿದಳು. “ಬರಲಿಲ್ಲ,” ಎಂದ ಅವನು. ಅವಳ ಊದಿದ ಕಣ್ಣುಗಳಲ್ಲಿ ಒಂದು ಮಿಂಚು ಬಂದು ಕೂಡಲೇ ಅಡಗಿತು. ತನ್ನಲ್ಲಿ ಬೆಳಿಗ್ಗೆ ಬಂದದ್ದೇ ಆ ಮಿಂಚು. ಅವಳ ಮುಖದಲ್ಲಿ ನೋಡಿದಾಗ ಅದು ಅಷ್ಟೇನೂ ಕುರೂಪವಾಗಿ ಕಾಣಿಸಲಿಲ್ಲ. ಉಸಿರಿಗಾಗಿ ಬಾಯಿ ತೆರೆದವರ ಮುಖ ಹೇಗಿರುತ್ತದೋ ಹಾಗಿತ್ತು.

ಅವನು ಕಿಟಕಿಗೆ ಹೋದ. ಕಿಟಕಿಯ ಗುಮಾಸ್ತ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, “ಏನು ಯಜಮಾನ್ರೇ?” ಎಂದ.

“ನನ್ನ ಹಿಂದಿನದು, ಅಲ್ಲ, ನನ್ನ ಮುಂದಿನದು, ಒಂದು ಸರದಿ ರದ್ದು ಮಾಡಿ ಬೇರೆಯವರಿಗೆ ಕೊಡಬೇಕಿತ್ತು.”

“ಯಾರ ಹೆಸರಲ್ಲಿದೆಯೋ ಅವರೇ ಬಂದು ರದ್ದು ಮಾಡಿಸಬೇಕು.”

“ಅವನು ಬರೋ ಹಾಗಿಲ್ಲ.”

“ಇವತ್ತು ಬರದಿದ್ರೆ ಗೈರುಹಾಜರಿ ಹಾಕ್ತೀವಿ. ಇನ್ನೊಂದು ದಿನ ಕೊಡ್ತೀವಿ. ಆಗ್ಲೂ ಬರದಿದ್ರೆ ಹೆಸರು ತೆಗೆದುಹಾಕ್ತೀವಿ.”

“ಆಗ್ಲೂ ಬರೋದಿಲ್ಲ.”

“ಅದನ್ನ ನೀವು ಹೇಗೆ ಹೇಳ್ತೀರಿ? ಅಷ್ಟು ಸೊಕ್ಕಾ ಅವರಿಗೆ?”

“ಸೊಕ್ಕಲ್ಲಪ್ಪ. ತೀರಿಕೊಂಡ. ಬೆಳಿಗ್ಗೆ.”

ಗುಮಾಸ್ತನ ಬೆರಳು ಕೀಲಿಗಳ ಮೇಲೆ ನಿಂತುಹೋಯಿತು. “ಯಾರು, ಅಳತೆ ಪಟ್ಟಿ ಕೊರಳಿಗೆ ಹಾಕ್ಕೊಂಡೇ ಬರ್ತಿದ್ರಲ್ಲ, ಅವರಾ? ಅಯ್ಯೋ. ನನ್ನ ಪ್ಯಾಂಟು ಹರಿದಾಗ ಈ ಕಿಟಕಿ ಮುಚ್ಚಿಸಿ, ಒಳಗೆ ಬಂದು, ನಾನು ನಿಂತ ಹಾಗೇ ಹೊಲಿದು ಹೋದ್ರಲ್ರೀ.” ಸ್ವಲ್ಪ ಹೊತ್ತು ಇಬ್ಬರೂ ಆ ಪ್ಯಾಂಟಿಗೆ ಮೌನವಾಗಿ ಗೌರವ ಸಲ್ಲಿಸಿದರು. ಆಮೇಲೆ ಗುಮಾಸ್ತ ದನಿ ತಗ್ಗಿಸಿ ಹೇಳಿದ: “ಈ ಯಂತ್ರದಲ್ಲಿ ಇನ್ನೊಬ್ಬರ ಹೆಸರು ಹಾಕೋಕೆ ನನ್ನ ಕೈಲಿ ಆಗಲ್ಲ. ಡಾಕ್ಟರಮ್ಮ ಮನಸ್ಸು ಮಾಡಿದ್ರೆ ಆಗಬಹುದು. ಆದ್ರೆ ಸರದಿ ಇಲ್ದೆ ಒಳಗೆ ಬಿಡೋದಿಲ್ಲ. ನಿಮ್ಮ ಸರದಿ ಬಂದಾಗ ಕೇಳಿ.” ನನ್ನ ಸರದಿ ಬರುವಷ್ಟರಲ್ಲಿ ಅವನದು ಮುಗಿದಿರುತ್ತದಲ್ಲ ಎಂದು ರಟ್ಟಣ್ಣ ಹೇಳಬೇಕೆಂದಿದ್ದ. ಹಿಂದಿನವನು ಮೊಣಕೈ ತಾಗಿಸಿದ್ದರಿಂದ ಎಂದಿನಂತೆ, “ಸರಿ, ಸರಿ,” ಎಂದು ಪಕ್ಕಕ್ಕೆ ಸರಿದ. ಜೀವನದಲ್ಲಿ ಅವನು ಅತಿ ಹೆಚ್ಚು ಸಲ ಆಡಿದ ಮಾತು ಅದೇ ಇರಬೇಕು. ಮಾತಾಡುವುದೆಲ್ಲ ದರ್ಜಿಯ ಪಾಲಿಗೆ ಬಿಟ್ಟದ್ದು. ಅವನು ಜಗಳವಾಡುವಾಗ ಇವನು ಪಕ್ಕದಲ್ಲಿ ನಿಂತು, ಹೌದು ಎಂಬಂತೆ ಸೀನುತ್ತಿದ್ದ, ಅಷ್ಟೆ.

ಬಾಗಿಲು ತೆರೆದು ಸಿಸ್ಟರ್ ಒಂದು ಹೆಸರನ್ನು ಕೂಗಿದಳು. ಯಾರೋ ಅಪರಿಚಿತನ ಹೆಸರು ಎಂದುಕೊಂಡು ಅವನು ಸುಮ್ಮನೆ ಕೂತಿದ್ದ. ಎರಡನೆಯ ಸಲ ಕೂಗಿದಾಗ ಅದು ದರ್ಜಿಯ ಹೆಸರೆಂದು ಹೊಳೆಯಿತು. ಇಷ್ಟು ವರ್ಷದಲ್ಲಿ ಒಮ್ಮೆಯೂ ಅವನನ್ನು ಆ ಹೆಸರಿನಿಂದ ಕರೆದಿರಲಿಲ್ಲ. ಪಕ್ಕದಲ್ಲಿ ಬೇಕರಿಯಾಕೆ ಬೆಂಚಿನ ಅಂಚನ್ನು ಹಿಡಿದುಕೊಂಡಿದ್ದಳು. ಬಾಗಿಲ ಸಂದಿಯಿಂದ ಖಾಲಿ ಕುರ್ಚಿ ಕಾಣುತ್ತಿತ್ತು, ಸಾಲಾಗಿ ಇಟ್ಟ ಸಣ್ಣ ಸೀಸೆಗಳು ಕಾಣುತ್ತಿದ್ದವು, ಕಿಟಕಿಯ ಹೊರಗೆ ನೋಡುತ್ತ ಕುಳಿತ ಡಾಕ್ಟರಮ್ಮನ ಬೆನ್ನು ಕಾಣುತ್ತಿತ್ತು. ಒಳಗೆ ಎಲ್ಲವೂ ಇತ್ತು. ಹೊರಗೆ ಎಲ್ಲರೂ ಇದ್ದರು. ನಡುವೆ ಒಬ್ಬ ಸತ್ತವನ ಹೆಸರು ಅಡ್ಡ ಮಲಗಿತ್ತು. ಸಿಸ್ಟರ್ ಮೂರನೆಯ ಸಲ ಕೂಗಿದಳು. ಬೆಂಚಿನಿಂದ ಒಬ್ಬನು ಎದ್ದ. ಎದ್ದವನು ತಾನೇ ಎಂದು ರಟ್ಟಣ್ಣನಿಗೆ ಗೊತ್ತಾಗುವಾಗ ಅವನು ಹೊಸಲು ದಾಟಿಯಾಗಿತ್ತು.

“ಕೂಗಿ ಕೂಗಿ ಗಂಟಲು ಹೋಯ್ತು, ಕಿವೀಗೂ ಅಲರ್ಜಿನಾ?” ಎಂದು ಸಿಸ್ಟರ್ ಅವನ ಭುಜ ಒತ್ತಿ ಕುರ್ಚಿಯಲ್ಲಿ ಕೂರಿಸಿದಳು. ಮಾತ್ರೆ ಮುಟ್ಟಕೂಡದೆಂದು ಗದರಿಸಿದ್ದ ಸಿಸ್ಟರ್ ಅಲ್ಲ, ಇವಳು ಹೊಸಬಳು; ಬೆಂಚಿನ ಮುಖಗಳು ಅವಳಿಗೆ ಗೊತ್ತಿರಲಿಲ್ಲ. ನಾನು ಅವನಲ್ಲ, ಅವನ ಕಡೆಯವನು, ಎಂದು ಹೇಳಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಅವಳು ಅಂಗಿಯ ತೋಳು ಮಡಚಿ, ಹತ್ತಿಯಿಂದ ಒರೆಸಿ, ಪೆನ್ನಿನಲ್ಲಿ ಗೆರೆ ಎಳೆಯಲು ಶುರುಮಾಡಿದ್ದಳು. ಅವಳ ಬೆರಳು ತಣ್ಣಗಿತ್ತು. ಅವನು ಬಾಯಿ ಮುಚ್ಚಿದ. ಯಾರಾದರೂ ಹೀಗೆ ಕೈ ಹಿಡಿದು ಇದಕ್ಕೊಂದು ಕಾರಣ ಇದೆ, ಇದು ನಿನ್ನ ಸೋಗಲ್ಲ ಎಂದು ಗುರುತು ಹಾಕಲಿ ಎಂದು ಅವನು ಎಷ್ಟು ವರ್ಷದಿಂದ ಕಾದಿದ್ದ! ಅಕ್ಕ ಅದನ್ನು ಸೋಗೆಂದಳು, ಅವನು ರಟ್ಟು ಕಟ್ಟುತ್ತಿದ್ದ ಮುದ್ರಣಾಲಯದ ಯಜಮಾನ ಮೈಗಳ್ಳತನವೆಂದ. ಮಾತ್ರೆ ಇನ್ನೂ ಕರಗಿರಲಾರದು ಎಂದು ಮನಸ್ಸು ಪಿಸುಗುಟ್ಟಿತು. ನಲ್ಲಿಯ ನೀರಿನಲ್ಲಿ ನುಂಗಿದ್ದು, ಹಳೆಯ ಮಾತ್ರೆ, ಜೇಬಿನ ಬೆವರಿಗೆ ಅದರ ಸತ್ವ ಹೋಗಿರಬಹುದು. ಮೂಗು ಮಾತ್ರ ಆಗಲೇ ಒಣಗುತ್ತ ಬಂದಿತ್ತು. ಡಾಕ್ಟರಮ್ಮ ಕಿಟಕಿಯಿಂದ ತಿರುಗಿ, ಮುಖ ನೋಡದೆ ಕಾಗದವನ್ನಷ್ಟೇ ನೋಡಿ, “ಹೊಲಿಗೆ ಕೆಲಸ, ಅಲ್ವಾ? ಹೂವು ಕಂಡ್ರೆ ಆಗೋದಿಲ್ಲ?” ಎಂದು ಕೇಳಿದಳು.

“ಇವತ್ತು ಏನೂ ಆಗಲಿಲ್ಲ ಡಾಕ್ಟ್ರೇ. ರಾಶಿ ಹೂವು ಹಾಕಿದ್ರೂ ಒಂದು ಸೀನೂ ಬರಲಿಲ್ಲ,” ಎಂದ ಅವನು.

“ಹಾಗಾದ್ರೆ ಮಾತ್ರೆ ತಗೊಂಡಿದ್ದೀರಿ.”

“ದರ್ಜಿ ತಗೊಂಡಿಲ್ಲ. ನಾನು ತಗೊಂಡೆ.”

ಸಿಸ್ಟರ್ ಪೆನ್ನು ಎತ್ತಿದಳು. ಡಾಕ್ಟರಮ್ಮ ಕನ್ನಡಕ ತೆಗೆದಳು. ಆಮೇಲೆ ಬಂದದ್ದು ಅವನು ಹೇಳಬೇಕೆಂದು ಜೋಡಿಸಿಕೊಂಡು ಬಂದ ಮಾತಲ್ಲ. ಹೊಲಿಗೆ ಬಿಟ್ಟ ಪುಸ್ತಕದಂತೆ ಹಾಳೆಗಳು ಹಿಂದುಮುಂದಾಗಿ ಉದುರಿದವು. ದರ್ಜಿ ಹೋದದ್ದು, ಹೂವು, ಬೆನ್ನು ಸವರಿದ ಮಗಳ ಕೈ, ಹಿತ್ತಲ ನಲ್ಲಿ. ಬೆಳಗಿನ ಆ ಮೊದಲ ಯೋಚನೆಯನ್ನೂ ಹೇಳಿಬಿಟ್ಟ. ಹೆಂಡತಿಗೂ ಹೇಳದ್ದನ್ನು ಡಾಕ್ಟರಿಗೆ ಹೇಳಿದ. ಡಾಕ್ಟರಮ್ಮ ಕನ್ನಡಕ ಮತ್ತೆ ಹಾಕಿಕೊಂಡು, “ಅಳು ನಿಲ್ಲಿಸೋಕೆ ಅಲರ್ಜಿ ಮಾತ್ರೆ ನುಂಗಿದವರನ್ನ ನಾನು ಇವತ್ತೇ ನೋಡಿದ್ದು,” ಎಂದಳು. ತುಟಿಯ ಮೂಲೆ ಅಲ್ಲಾಡಿತು. “ಈಗ ನಿಮ್ಮ ಪರೀಕ್ಷೆ ಮಾಡೋ ಹಾಗಿಲ್ಲ. ಗೊತ್ತಲ್ಲ? ಮತ್ತೆ ಸಾಲಿನ ಕೊನೆಗೆ ಹೋಗ್ತೀರಿ.”

“ಗೊತ್ತು. ನನ್ನದು ಬಿಡಿ. ಅವನ ಜಾಗ ಖಾಲಿ, ನನ್ನ ಜಾಗವೂ ಖಾಲಿ. ಹೊರಗೆ ಮಾತ್ರೆ ಬಿಟ್ಟು ಮುಖ ಊದಿಸಿಕೊಂಡು ಕೂತೋರಿದ್ದಾರೆ. ಕರೀರಿ.”

“ಪ್ರತಿ ವಾರ ಇಬ್ಬರು ಮೂವರು ಬರೋದೇ ಇಲ್ಲ ಯಜಮಾನ್ರೇ. ನಾನು ಆ ಕಿಟಕೀಲಿ ಕಾಗೆ ನೋಡ್ತಾ ಕೂತಿರ್ತೀನಿ, ನನಗೇನು ಖುಷಿನಾ? ಆದ್ರೆ ಹೆಸರಿಲ್ಲದವರನ್ನ ಕರೆದ್ರೆ ನಾ ಮೊದಲು ತಾ ಮೊದಲು ಅಂತ ಜಗಳ ಆಗುತ್ತೆ ಅಂತ ಮೇಲಿನವರು ಬೇಡ ಅಂದಿದ್ದಾರೆ.”

“ಜಗಳಾನಾ?” ರಟ್ಟಣ್ಣನಿಗೆ ನಗು ಬಂತು. ಅವನ ಬಾಯಿಂದ ಬಂದ ದನಿ ಅವನಿಗೇ ಹೊಸದಾಗಿತ್ತು. “ಡಾಕ್ಟ್ರಮ್ಮಾ, ಇಷ್ಟು ವರ್ಷ ಆ ಬೆಂಚಿನ ಮೇಲೆ ಕೂತಿದ್ದೀನಿ. ಮೂಗು ಕಟ್ಟಿದವರಿಗೆ ಜಗಳ ಆಡೋಕೆ ಉಸಿರೆಲ್ಲಿರುತ್ತೆ? ಅಲ್ಲಿ ಯಾರು ಎಷ್ಟು ಸಲ ಬಂದು ಹಾಗೇ ಹೋದ್ರು ಅಂತ ಪ್ರತಿಯೊಬ್ಬರಿಗೂ ಗೊತ್ತು. ನೀವು ಬಾಗಿಲು ತೆಗೆದು ಯಾರು ಮೊದಲು ಅಂತ ಕೇಳಿ ನೋಡಿ. ಎರಡು ಕೈ ಮೇಲೆದ್ದರೆ ನಾನು ಇನ್ನೆಂದೂ ಈ ಕಡೆ ತಲೆ ಹಾಕಲ್ಲ.”

ಡಾಕ್ಟರಮ್ಮ ಸಿಸ್ಟರನ್ನು ನೋಡಿದಳು. ಸಿಸ್ಟರ್ ಗೋಡೆ ಗಡಿಯಾರ ನೋಡಿದಳು. ದರ್ಜಿಯ ಅರ್ಧ ಗಂಟೆ ನಡೆದುಹೋಗುತ್ತಿತ್ತು. ಡಾಕ್ಟರಮ್ಮ ತಾನೇ ಎದ್ದು ಬಾಗಿಲು ತೆಗೆದು, “ಮಾತ್ರೆ ಬಿಟ್ಟು ಬಂದಿರೋರು, ಮೊದಲು ಯಾರು?” ಎಂದಳು. ಒಂದು ಗಳಿಗೆ ಬೆಂಚಿನ ಮೇಲೆ ಸೀನೂ ಇರಲಿಲ್ಲ. ರಟ್ಟಣ್ಣನ ಹೊಟ್ಟೆಯೊಳಗೆ ಮಾತ್ರೆಯೊಂದಿಗೆ ಧೈರ್ಯವೂ ಕರಗತೊಡಗಿತು. ಆಮೇಲೆ ಊದಿದ ಕಣ್ಣಿನ ಬಸ್ ಕಂಡಕ್ಟರನೊಬ್ಬ, ಬಸ್ಸಿನಲ್ಲಿ ಜಾಗ ತೋರಿಸುವಂತೆ ಕೈಚಾಚಿ, “ನಡೀ ತಾಯಿ, ಹತ್ತು,” ಎಂದು ಬೇಕರಿಯಾಕೆಗೆ ಹೇಳಿದ. “ಅವಳಾದ ಮೇಲೆ ನಾನು,” ಎಂದು ಸೇರಿಸಿದ. ಯಾರೂ ತಕರಾರು ಮಾಡಲಿಲ್ಲ. ಅವಳು ಎದ್ದು, ಸೆರಗಿನಿಂದ ಮುಂಗೈ ಒರೆಸಿಕೊಳ್ಳುತ್ತ, ಎಲ್ಲಿ ಯಾರಾದರೂ ಹಿಂದಕ್ಕೆ ಕರೆಯುತ್ತಾರೋ ಎಂಬಂತೆ ಬೇಗ ಬೇಗ ಬಂದಳು. ರಟ್ಟಣ್ಣ ಕುರ್ಚಿಯಿಂದ ಎದ್ದ. ಅದು ದರ್ಜಿಯ ಕುರ್ಚಿ. ಅದರಲ್ಲಿ ಅವಳು ಕೂತಳು.

ಹನಿಗಳನ್ನು ಇಟ್ಟಾದ ಮೇಲೆ ಕಾಯಬೇಕಾದ ಹೊತ್ತಿನಲ್ಲಿ ಅವಳು ತೋಳನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಅವನ ಪಕ್ಕದಲ್ಲಿ ಕೂತಿದ್ದಳು. ಬೆಂಚಿಗೆ ಬೆಂಚೇ ಆ ತೋಳಿನ ಮೇಲೆ ಬಾಗಿತ್ತು. ಒಂದು ಚುಕ್ಕೆ ಕೆಂಪಾಯಿತು, ಊದಿತು, ಗುಂಡಿಯಷ್ಟು ಅಗಲವಾಯಿತು. “ಹಿಟ್ಟಾ ಅದು? ಹಿಟ್ಟಾ?” ಎಂದು ಅವಳು ಎಲ್ಲರನ್ನೂ ಕೇಳುತ್ತಿದ್ದಳು. ಅದು ಹಿಟ್ಟಾಗಿರಲಿಲ್ಲ. ಹಿಟ್ಟಿನ ಹನಿಯ ಕೆಳಗೆ ಚರ್ಮ ಸಪಾಟಾಗಿ, ಸುಟ್ಟ ಗುರುತಿನೊಂದಿಗೆ, ಏನೂ ಅರಿಯದ ಹಾಗೆ ಇತ್ತು. ಹಳೆಯ ಮೂಟೆಗಳಲ್ಲಿ ಬೆಳೆಯುವ, ಕಣ್ಣಿಗೆ ಕಾಣದ ಹುಳುವಿನದು ಊದಿದ್ದು. “ಬೇಕರೀಲಿ ದಾಸ್ತಾನು ಕೋಣೆ ಗುಡಿಸೋರು ಯಾರು?” ಎಂದು ಬಾಗಿಲಿಗೆ ಬಂದು ತೋಳು ನೋಡಿದ ಡಾಕ್ಟರಮ್ಮ ಕೇಳಿದಳು. “ನಾನೇ.” “ಇನ್ನು ಗುಡಿಸಬೇಡ. ಹಳೇ ಮೂಟೆ ತೆಗೆಸೋಕೆ ಹೇಳು, ನಾನು ಬರೆದುಕೊಡ್ತೀನಿ. ಒಲೆ ಬಿಡಬೇಕಾಗಿಲ್ಲ.” ಅವಳು ತೋಳನ್ನು ಎತ್ತಿ, “ಹಿಟ್ಟಿನ ತಪ್ಪಿಲ್ಲವಂತೆ!” ಎಂದು ಬೆಂಚಿಗೆಲ್ಲ ಸಾರಿದಳು, ಮನೆಯವನೊಬ್ಬ ಕಳ್ಳತನದ ಆರೋಪದಿಂದ ಪಾರಾಗಿ ಬಂದಂತೆ. ಒಳಗೆ ಕಂಡಕ್ಟರನ ತೋಳಿಗೆ ಗೆರೆ ಬೀಳುತ್ತಿತ್ತು. ಹೊರಡುವ ಮುಂಚೆ ಡಾಕ್ಟರಮ್ಮ ರಟ್ಟಣ್ಣನನ್ನು ಕರೆದು, “ಮೇಲಿನವರಿಗೆ ನಾನು ಹೇಳ್ಕೋತೀನಿ. ಇನ್ಮೇಲೆ ಖಾಲಿ ಉಳಿದದ್ದು ಬೆಂಚಿಗೆ. ನೀವೂ ಮಾತ್ರೆ ಬಿಟ್ಟು ಬಂದು ಕೂರಿ, ಎಲ್ಲರ ಹಾಗೆ ಸಾಲು ಹಿಡಿದು,” ಎಂದಳು. ಅವನು, “ಸರಿ, ಸರಿ,” ಎಂದ. ಈ ಸಲ ಆ ಮಾತು ಅಷ್ಟು ಕೆಟ್ಟದಾಗಿ ಕೇಳಿಸಲಿಲ್ಲ.

ಹಿಂದಿರುಗುವಾಗ ಮಾತ್ರೆ ಪೂರ್ತಿ ಹತ್ತಿತ್ತು. ರಸ್ತೆ ಮೆತ್ತಗಾಗಿತ್ತು, ಕಣ್ಣು ಎಳೆಯುತ್ತಿತ್ತು, ಮೂಗು ಬಯಲಿನಂತೆ ತೆರೆದುಕೊಂಡಿತ್ತು. ದರ್ಜಿಯ ಮನೆಯಲ್ಲಿ ಹೂವು ಇನ್ನೂ ಹೆಚ್ಚಾಗಿತ್ತು. ಹೆಂಡತಿ ಬಂದು ಹೆಂಗಸರ ನಡುವೆ ಕೂತಿದ್ದಳು. ಅವನ ಒಣ ಮೂಗನ್ನು ಒಮ್ಮೆ ನೋಡಿ, ಎಲ್ಲವನ್ನೂ ತಿಳಿದುಕೊಂಡು, ಹಣೆ ಚಚ್ಚಿಕೊಂಡಳು. ಬೆಳಿಗ್ಗೆ ಅವನನ್ನು ಕಂಡಿದ್ದವರು ಈಗಲೂ ಕುರ್ಚಿ ತಂದು, ನೀರು ಹಿಡಿದು, ಎರಡನೆಯ ಆಟಕ್ಕೆ ಕಾದವರಂತೆ ನಿಂತರು. ಅವನು ಅಳಲಿಲ್ಲ. “ಬೆಳಿಗ್ಗೆ ಅಷ್ಟು ಅತ್ತವರು, ಈಗ ನೋಡಿ, ಕಲ್ಲು,” ಎಂದು ಭಾವಮೈದುನ ಸ್ವಲ್ಪ ಗೆಲುವಿನಿಂದಲೇ ಹೇಳಿದ. ಹೇಳಲಿ. ಅವನು ಮಗಳ ಬಳಿ ಹೋಗಿ, “ನಿಮ್ಮಪ್ಪನ ಜಾಗ ದಂಡ ಆಗಲಿಲ್ಲಮ್ಮ,” ಎಂದು ಎಲ್ಲವನ್ನೂ ಹೇಳಿದ. ಸತ್ತವನ ಹೆಸರಿಗೆ ತಾನು ಎದ್ದುಹೋದದ್ದನ್ನು ಹೇಳುವಾಗ ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಭುಜ ಕುಲುಕಾಡಿತು. ನೋಡಿದವರು ಅಳುವೆಂದುಕೊಂಡರು. ಅವನಿಗೆ ಮಾತ್ರ ಅದು ನಗುವೆಂದು ಗೊತ್ತಿತ್ತು; ಆಮೇಲೆ ಅದು ನಿಜವಾಗಿಯೂ ಅಳುವಾಯಿತು. ಈಗ ಬೆನ್ನು ಸವರುವ ಕೆಲಸ ಅವನದಾಯಿತು.

ಆಮೇಲೆ ಅವನು ದರ್ಜಿಯ ತಲೆಯ ಬಳಿಗೆ ಹೋಗಿ ನಿಂತ. ಇಷ್ಟು ಹೂವಿಗೆ ಇಷ್ಟು ಹತ್ತಿರ ಅವನು ಎಂದೂ ನಿಂತವನಲ್ಲ. ಹೂವಿಗೆ ಒಂದು ಪರಿಮಳವಿದೆ ಎಂಬುದು ಅವನಿಗೆ ಆಗ ತಿಳಿಯಿತು; ಚೆನ್ನಾಗಿಯೇ ಇತ್ತು. ದರ್ಜಿಗೆ ಇದು ತಿಳಿಯದೆ ಹೋಯಿತಲ್ಲ ಎನಿಸಿತು. ಕಣ್ಣು ಒಣಗಿಯೇ ಇತ್ತು. ಒಣಗಿದ ಕಣ್ಣುಗಳನ್ನೇ ಮುಚ್ಚಿ, ಎರಡೂ ಕೈ ಜೋಡಿಸಿದ.

ದೇವರೇ, ಇವನು ನಿನ್ನ ಬಾಗಿಲಿಗೆ ಬರುತ್ತಿದ್ದಾನೆ. ಇಲ್ಲಿ ಬಹಳ ಕಾದಿದ್ದಾನೆ, ಅಲ್ಲಿ ಕಾಯಿಸಬೇಡ. ಮೊದಲ ಸಲ ಕೂಗಿದಾಗಲೇ ಅವನಿಗೆ ಕೇಳಿಸುವ ಹಾಗೆ ಕೂಗು. ನಿನ್ನ ತೋಟದಲ್ಲಿ ಹೂವಿದ್ದರೆ ಅವನಿಗೆ ಅದರ ಪರಿಮಳ ಸಿಗಲಿ, ತುಂಟ ಮಾತಾಡಿದರೆ ಸಿಟ್ಟಾಗಬೇಡ, ಅವನ ಮನಸ್ಸು ಒಳ್ಳೆಯದು. ನನಗೆ ಕೊಡಲು ಕಣ್ಣೀರು ಇಲ್ಲ, ಇದ್ದದ್ದನ್ನು ನೀನೇ ನೋಡಿದ್ದೀಯೆ. ಅವನ ಎದೆ ಹಗುರವಾಗಲಿ, ಅವನ ಉಸಿರು ಸರಾಗವಾಗಲಿ, ಅವನ ಆತ್ಮಕ್ಕೆ ಶಾಂತಿ ಇರಲಿ.